ನೀಲಕ್ಕನ ಎಡಗೈ

ನಲ್ಲೂರಿನ ಸ್ಟಾಪಿನಲ್ಲಿ ಜನ ಹತ್ತಿಸಿಕೊಂಡು ಹೊರಟ ಮೇಲೆ ಸೆಕೆಂಡ್ ಗೇರು ಬೀಳಲಿಲ್ಲ. ಗೇರಿನ ಹಿಡಿಕೆಯ ಮೇಲೆ ನನ್ನ ಎಡಗೈ ಇತ್ತು, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಎಳೆದೆ ಅಂದುಕೊಂಡೆ. ಗೇರು ಕದಲಲಿಲ್ಲ. ಎಂಜಿನ್ನು ಒಂದನೇ ಗೇರಿನಲ್ಲೇ ಕರು ಕಳಕೊಂಡ ಎಮ್ಮೆಯ ಹಾಗೆ ಒದರುತ್ತಿತ್ತು. ಹಿಂದಿನ ದಿನವಷ್ಟೇ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸಿದ್ದ ಮೆಕ್ಯಾನಿಕ್ಕಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಬೈದು, ಬಸ್ಸನ್ನು ರಸ್ತೆಯ ಅಂಚಿಗೆ ತೆಗೆದು ನಿಲ್ಲಿಸಿದೆ.

"ಗೇರ್ ಜಾಮ್ ಆಗೈತೆ, ಬಾರಲೇ ಇಲ್ಲಿ," ಎಂದು ಕಂಡಕ್ಟರ್ ಮಲ್ಲೇಶಿಯನ್ನು ಕರೆದೆ.

ಅವನು ಬಂದು ಬಗ್ಗಿ, ಹಿಡಿಕೆಯನ್ನು ಎರಡೇ ಬೆರಳಲ್ಲಿ ಆ ಕಡೆ ಈ ಕಡೆ ಆಡಿಸಿದ. "ಬೆಣ್ಣೆ ಇದ್ದಂಗೈತಲ್ಲಣ್ಣ," ಅಂದವನು ತಲೆ ಎತ್ತಿ ನನ್ನ ಮುಖ ನೋಡಿದ. ಮುಂದಿನ ಸೀಟಿನಲ್ಲಿ ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ಹೇಳಿತು: "ಡ್ರೈವರಪ್ಪಂದು ಬಾಯಿ ಸೊಟ್ಟ ಆಗೈತೆ ಕಣ್ರೋ. ಆಗಿನಿಂದ ನೋಡ್ತಾ ಇದೀನಿ, ಎಲಡಿಕೆ ಒತ್ತರಿಸ್ಕಂಡಾನೆ ಅಂದ್ಕಂಡಿದ್ದೆ."

ಏನೂ ಆಗಿಲ್ಲ, ಸ್ವಲ್ಪ ನೀರು ಕೊಡ್ರಿ ಅಂದೆ. ನನ್ನ ಕಿವಿಗೆ ಹಾಗೇ ಕೇಳಿಸಿತು. ಬಾಯಿಂದ ಬಂದದ್ದು ಬೇರೆಯಂತೆ. "ಬಿಸಿ ಅನ್ನ ಬಾಯಾಗಿಟ್ಕಂಡು ಮಾತಾಡ್ದಂಗಿತ್ತಣ್ಣ," ಎಂದು ಮಲ್ಲೇಶಿ ಆಮೇಲೆ ಎಷ್ಟೋ ದಿನಕ್ಕೆ ಹೇಳಿದ. ಆವತ್ತು ಅವನು ಹಿಂದಿನಿಂದ ಬರುತ್ತಿದ್ದ ಯಾವುದೋ ಕಾರಿಗೆ ಅಡ್ಡ ನಿಂತು, ನನ್ನನ್ನು ಹತ್ತಿಸಿ, ತಾನೂ ಪಕ್ಕದಲ್ಲಿ ಕೂತು, ದಾವಣಗೆರೆ ಮುಟ್ಟುವವರೆಗೆ ನನ್ನ ಎಡಗೈಯನ್ನು ಮದುವೆ ಮನೆಯಿಂದ ತಂದ ತಾಂಬೂಲದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆ ಕೈ ನನ್ನದು ಅಂತ ನನಗೆ ಅನಿಸಲಿಲ್ಲ.

ನಾನು ರುದ್ರೇಶ. ಊರು ನ್ಯಾಮತಿ. ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಓಡುವ ಒಂದು ಖಾಸಗಿ ಬಸ್ಸಿನ ಡ್ರೈವರಾಗಿದ್ದೆ. ಅದಕ್ಕೂ ಮುಂಚೆ ಜಗಳೂರು ಕಡೆ ಓಡಿಸಿದ್ದೆ. ಬರೆಯುವುದು ನನ್ನ ಕಸುಬಲ್ಲ. ನಮ್ಮ ಅಜ್ಜ ಜಗಲಿಯ ಮೇಲೆ ಕೂತು ಹೇಳುತ್ತಿದ್ದ ಹಾಗೆ ಹೇಳುವುದಷ್ಟೇ ಗೊತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ಹಿಂಗೆ ಆದವನು ಮತ್ತೊಬ್ಬ ಬಂದು ಪಕ್ಕದಲ್ಲಿ ಕೂತು ಏನಾಯಿತು ಅಂತ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತ್ತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆ ಆಸ್ಪತ್ರೆಯ ಡಾಕ್ಟರಮ್ಮ ಲಕ್ವ ಅಂದರು. ಬೇಗ ಬಂದಿದ್ದೀರಿ, ಉಳಿದಿದ್ದನ್ನು ಉಳಿಸಿಕೊಳ್ಳೋಣ ಅಂದರು. ಸಂಜೆಗೆ ನನ್ನ ಹೆಂಡತಿ ಶಶಿಕಲಾ ಬಂದಳು. ಅವಸರದಲ್ಲಿ ತುಂಬಿಕೊಂಡು ಬಂದ ಚೀಲದಲ್ಲಿ ಒಂದು ಟವೆಲ್ಲು, ಒಂದು ಲೋಟ, ಇಸ್ತ್ರಿ ಮಾಡಿದ ನನ್ನ ಖಾಕಿ ಅಂಗಿ. ನಾಳೆ ಬೆಳಿಗ್ಗೆ ಇಲ್ಲಿಂದಲೇ ಡ್ಯೂಟಿಗೆ ಹೋಗುತ್ತೇನೆ ಅಂದುಕೊಂಡಿದ್ದಳೋ ಏನೋ. ಆ ಅಂಗಿ ನೋಡಿ ನಾನು ಮುಖ ಗೋಡೆಯ ಕಡೆ ತಿರುಗಿಸಿದೆ. ಅವಳು ಅದನ್ನು ಮಡಚಿ ಚೀಲದ ತಳಕ್ಕೆ ಹಾಕಿದಳು.

ಸಾವಿನ ಭಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ನಲ್ಲೂರು ದಾಟಿ ಮುಂದೆ ಒಂದು ತಿರುವು ಬರುತ್ತದೆ, ಮಗ್ಗುಲಲ್ಲೇ ನಾಲೆ. ನನ್ನ ಕೈ ಇನ್ನೊಂದು ಸ್ವಲ್ಪ ತಡೆದು ಅಲ್ಲಿ ನಿಂತಿದ್ದರೆ? ಬಸ್ಸಿನಲ್ಲಿ ಆ ಅಜ್ಜಿ ಇತ್ತು, ಕಾಲೇಜಿಗೆ ಹೋಗುವ ಹುಡುಗಿಯರಿದ್ದರು, ಕೂಸಿಗೆ ಸೆರಗು ಮುಚ್ಚಿ ಹಾಲು ಕುಡಿಸುತ್ತಿದ್ದ ಒಬ್ಬ ತಾಯಿ ಇದ್ದಳು. ಬಸ್ಸಿನಲ್ಲಿ ಜನ ಡ್ರೈವರನ ಬೆನ್ನನ್ನು ನಂಬಿ ನಿದ್ದೆ ಮಾಡುತ್ತಾರೆ. ಕಣ್ಣು ಮುಚ್ಚಿದರೆ ಆ ತಿರುವೇ ಬರುತ್ತಿತ್ತು. ಈ ಕೈಯನ್ನು ನಂಬಿ ಇನ್ನು ಯಾರಾದರೂ ನನ್ನ ಹಿಂದೆ ಕೂರಬಹುದೇ ಅನ್ನುವ ಒಂದೇ ಪ್ರಶ್ನೆ ನನ್ನನ್ನು ತಿನ್ನುತ್ತಿತ್ತು.

ಮುಂದೊಂದು ಸಲ ತೋರಿಸಲು ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ವಯಸ್ಸಿನಲ್ಲಿ ಚಿಕ್ಕವರು, ಮಾತು ನೇರ. "ನಡೆಯುತ್ತೀರಿ, ಉಣ್ಣುತ್ತೀರಿ, ಮಾತು ಪೂರ್ತಿ ಸರಿ ಹೋಗುತ್ತದೆ. ಕೈ ಎಷ್ಟು ಬರುತ್ತದೋ ನಿಮ್ಮ ಪ್ರಯತ್ನ. ಬಸ್ ಮಾತ್ರ ಬೇಡ," ಅಂದರು. ಹೊರಗೆ ಬೆಂಚಿನ ಮೇಲೆ ಕೂತು ಶಶಿ ನನ್ನ ಬೆನ್ನು ಸವರಿದಳು. ಎದುರಿಗೆ ಕೂತಿದ್ದ, ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸು ಏನೂ ಕೇಳದೆ ತನ್ನ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನಮ್ಮ ಕೈಗಿಟ್ಟಳು. ಆಸ್ಪತ್ರೆಯ ಬೆಂಚುಗಳ ಮೇಲೆ ಇಂಥವರು ಕೂತಿರುತ್ತಾರೆ. ನೀವು ಈಗ ಅಂಥ ಬೆಂಚಿನ ಮೇಲಿದ್ದರೆ, ಸ್ವಲ್ಪ ಅಕ್ಕಪಕ್ಕ ನೋಡಿ.

ಮನೆಗೆ ಬಂದ ಮೇಲೆ ಔಷಧಿ ಹೇಳದವರು ಯಾರು? ಲಕ್ವಕ್ಕೆ ಪಾರಿವಾಳದ ಬಿಸಿ ರಕ್ತ ತಿಕ್ಕಬೇಕು ಅನ್ನುವುದು ನಮ್ಮ ಸೀಮೆಯಲ್ಲಿ ಎಲ್ಲರೂ ಬಲ್ಲ ಮಾತು. ಪಕ್ಕದ ಬೀದಿಯ ಪಂಕ್ಚರ್ ಅಂಗಡಿ ದಾದಾಪೀರ್ ನನ್ನ ಮೇಲಿನ ಅಭಿಮಾನಕ್ಕೆ ಎಲ್ಲೆಲ್ಲೋ ಅಲೆದು, ಒಂದು ಬೂದು ಪಾರಿವಾಳ ಹಿಡಿದು ಬುಟ್ಟಿಯಲ್ಲಿ ಮುಚ್ಚಿ ತಂದ. ನಮ್ಮದು ಲಿಂಗ ಕಟ್ಟಿದ ಮನೆ. ನಮ್ಮವ್ವ ಮೊಟ್ಟೆಯ ಹೆಸರನ್ನೂ ಎತ್ತುವವಳಲ್ಲ. ಬುಟ್ಟಿಯನ್ನು ನೋಡುತ್ತಾ ಬಾಗಿಲಲ್ಲೇ ನಿಂತಳು.

"ದಾದಾಪೀರಾ, ರಕ್ತ ಬಿಟ್ಟು ಬೇರೆ ದಾರಿ ಇಲ್ಲೇನಪ?"

"ಇಲ್ಲ ಕಣವ್ವ. ರಕ್ತದಾಗೇ ಶಕ್ತಿ ಇರೋದು."

"ರಕ್ತ ಅದರೊಳಗೇ ಹರೀತಿರ್ತೈತಲ್ಲ. ಪಾರಿವಾಳನೇ ಕೈ ಮೇಲೆ ಕುಂತ್ರೆ ಆಗಾದಿಲ್ವೇನು?"

ದಾದಾಪೀರ್ ಗಡ್ಡ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ. "ಯಾರೂ ಮಾಡಿ ನೋಡಿಲ್ಲ," ಅಂದ. ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಎಡ ಅಂಗೈಯಲ್ಲಿ ಅವ್ವ ಒಂದಿಷ್ಟು ಜೋಳ ಹಾಕುತ್ತಿದ್ದಳು. ಪಾರಿವಾಳ ಮಣಿಕಟ್ಟಿನ ಮೇಲೆ ಕೂತು ಕುಕ್ಕಿ ತಿನ್ನುತ್ತಿತ್ತು. ಸತ್ಯ ಹೇಳುತ್ತೇನೆ, ಕಾಯಿಲೆ ಬಿದ್ದ ಮೇಲೆ ಆ ಕೈಗೆ ಮೊದಲು ಗೊತ್ತಾದದ್ದು ಆ ಕೊಕ್ಕಿನ ಚುಚ್ಚು. ಡಾಕ್ಟರಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು. "ಮಾತ್ರೆ ಬಿಡಬೇಡಿ. ಪಾರಿವಾಳಾನೂ ಬಿಡಬೇಡಿ," ಅಂದರು.

ಕೈಯ ವ್ಯಾಯಾಮಕ್ಕೆ ಹೊನ್ನಾಳಿ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗುವುದು ಬಸ್ಸಿನಲ್ಲೇ, ಈಗ ಕಿಟಕಿ ಪಕ್ಕದ ಸೀಟಿನಲ್ಲಿ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅಲ್ಲಿ ಒಂದು ರಬ್ಬರು ಚೆಂಡು ಕೊಟ್ಟು, ಮನೆಯಲ್ಲಿ ಒತ್ತಿ ಅಂದರು. ಒತ್ತಿದೆ. ಚೆಂಡು ಒತ್ತಿದರೆ ಏನಾಗುತ್ತದೆ? ಚೆಂಡು ಕುಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಬಸ್ಸಾದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ. ಚೆಂಡಿಗೆ ಹೋಗುವ ಊರಿಲ್ಲ. ಒಂದು ದಿನ ಅದು ಮಂಚದ ಕೆಳಗೆ ಉರುಳಿತು. ನಾನು ಎತ್ತಲಿಲ್ಲ. ಊಟ, ಮಾತ್ರೆ, ಸೂರು ನೋಡುವುದು, ಇಷ್ಟೇ ಉಳಿಯಿತು. ಹೊನ್ನಾಳಿಗೆ ಹೋಗುವುದೂ ತಪ್ಪತೊಡಗಿತು. ಶಶಿ ಮೊದಮೊದಲು ಬೈದಳು, ಆಮೇಲೆ ಬೈಯುವುದನ್ನು ಬಿಟ್ಟಳು. ಬೈಗುಳ ನಿಂತದ್ದಕ್ಕೆ ನನಗೆ ಹೆಚ್ಚು ಹೆದರಿಕೆಯಾಯಿತು.

ಆ ಹೊತ್ತಿನಲ್ಲಿ ನೀಲಕ್ಕ ಬಂದಳು.

ನೀಲಕ್ಕ ನಮ್ಮ ನ್ಯಾಮತಿಯವಳೇ, ಅಂಗನವಾಡಿಯಲ್ಲಿ ಕೆಲಸ ಮಾಡಿ ಬಿಟ್ಟವಳು. ತವರು ಜಗಳೂರು. ಕೂಸಾಗಿದ್ದಾಗ ಜ್ವರ ಬಂದು ಎಡಗೈ ಬಳ್ಳಿಯ ಹಾಗೆ ಸೊರಗಿ ಜೋತುಬಿದ್ದಿತ್ತು. ಆದರೂ ಸುತ್ತಲ ಭಜನೆಯವರಿಗೆಲ್ಲ ಅವಳು ಹಾರ್ಮೋನಿಯಂ ನೀಲಕ್ಕ. ಹಾರ್ಮೋನಿಯಂ ನೋಡಿದವರಿಗೆ ಗೊತ್ತು, ಒಂದು ಕೈ ಸ್ವರದ ಕಪ್ಪು ಬಿಳಿ ಮನೆಗಳನ್ನು ಒತ್ತಬೇಕು, ಇನ್ನೊಂದು ಕೈ ಹಿಂದಿನ ತಿದಿ ಒತ್ತಿ ಗಾಳಿ ಕೊಡುತ್ತಲೇ ಇರಬೇಕು. ಗಾಳಿ ನಿಂತರೆ ಸ್ವರ ಸತ್ತಿತು. ಜಗಳೂರಿನಲ್ಲಿ ಅವಳ ಅಪ್ಪ ಎದುರಿಗೆ ಕೂತು ತಿದಿ ಒತ್ತುತ್ತಾ ಮಗಳಿಗೆ ಮನೆ ತೋರಿಸಿದನಂತೆ. "ಎರಡು ಕೈಯೂ ಒಬ್ಬರದೇ ಆಗಿರಬೇಕು ಅಂತ ಯಾರ್ ಹೇಳ್ಯಾರೆ," ಅನ್ನುತ್ತಿದ್ದನಂತೆ. ಮದುವೆಯಾದ ಮೇಲೆ ಗಂಡ, ಹಿಟ್ಟಿನ ಗಿರಣಿಯ ಸಿದ್ದಪ್ಪಣ್ಣ, ಆ ಜಾಗಕ್ಕೆ ಬಂದ. ಗಂಡ ಹೆಂಡತಿ ಎದುರುಬದುರು ಕೂತು ಒಂದೇ ಪೆಟ್ಟಿಗೆ ನುಡಿಸುವುದನ್ನು ನೋಡುವುದಕ್ಕೇ ಜನ ಬರುತ್ತಿದ್ದರು. ಸಿದ್ದಪ್ಪಣ್ಣ ತೀರಿಕೊಂಡ ಮೇಲೆ ಪೆಟ್ಟಿಗೆ ಅಟ್ಟ ಸೇರಿತ್ತು.

ನನ್ನ ಬಸ್ಸಿನಲ್ಲಿ ಅವರು ಎಷ್ಟು ಸಲ ಓಡಾಡಿದ್ದರೋ. ಪೆಟ್ಟಿಗೆಯನ್ನು ಎಂಜಿನ್ ಮೇಲೆ ಇಡ್ರಿ ಅಂದರೆ, "ಬಿಸಿಗೆ ಒಳಗಿನ ಚರ್ಮ ಬಿಟ್ಕಂತೈತಪ, ತೊಡೆ ಮ್ಯಾಲೇ ಇರ್ಲಿ," ಅನ್ನುತ್ತಿದ್ದಳು. ಈಗ ಆ ಪೆಟ್ಟಿಗೆಯನ್ನು ದಾದಾಪೀರನ ಸ್ಕೂಟರಿನ ಮುಂದೆ ಇರಿಸಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದಳು.

"ಎದ್ದು ಕುಂತ್ಕೋ ಡ್ರೈವರಪ್ಪ. ನಂಗೊಂದು ಕೈ ಬೇಕಾಗೈತೆ."

ಬಲಗೈ ಚೆನ್ನಾಗೈತಕ್ಕ, ಬೇಕಾದಾಗ ಕರಿ ಅಂದೆ.

"ಬಲಗೈ ನಂದೂ ಚೆನ್ನಾಗೈತೆ. ನಾನು ಎಡಗೈ ಕೇಳಾಕೆ ಬಂದೀನಿ."

"ಕೆಟ್ಟ ಕೈ ತಗಂಡು ಏನ್ ಮಾಡ್ತೀಯಕ್ಕ?"

"ನಂದು ಪೂರಾ ಕೆಟ್ಟೈತೆ, ನಿಂದು ಅರ್ಧ ಕೆಟ್ಟೈತೆ. ವ್ಯಾಪಾರದಾಗೆ ನಂಗೇ ಲಾಭ."

ಅಡುಗೆ ಮನೆಯಿಂದ ಶಶಿ ನಕ್ಕಿದ್ದು ಕೇಳಿಸಿತು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಅದಕ್ಕೇ ಎದ್ದು ಕೂತೆ, ಬೇರೆ ಏನೂ ಕಾರಣವಿಲ್ಲ.

ಮೊದಲ ದಿನ ಆ ಪೆಟ್ಟಿಗೆಯಿಂದ ಹೊರಟ ದನಿಗೆ ಬೀದಿಯ ನಾಯಿ ಎದ್ದು ಹೋಯಿತು, ಪಾರಿವಾಳ ತೊಲೆ ಸೇರಿತು. ಒತ್ತಿದರೆ ಗಾಳಿ ಒಮ್ಮೆಗೇ ನುಗ್ಗಿ ಸ್ವರ ಕಿರುಚುತ್ತಿತ್ತು, ಕೈ ಸೋತರೆ ಆಡಿನ ಮರಿಯ ಹಾಗೆ ನಡುಗಿ ಸಾಯುತ್ತಿತ್ತು. ನಾನು ಬೆವೆತುಹೋದೆ. ನೀಲಕ್ಕ ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸುತ್ತಾ, "ದನಿ ಹೊಂಟಿತಲ್ಲ, ಸಾಕು ಇವತ್ತಿಗೆ," ಅಂದಳು. ಮಾರನೆಯ ದಿನ ಅದೇ ಹೊತ್ತಿಗೆ ಬಂದಳು. ಅದರ ಮಾರನೆಯ ದಿನವೂ.

ಅವಳು ಹೇಳಿಕೊಟ್ಟದ್ದು ಬಹಳ ಇಲ್ಲ. "ಕೈ ನೋಡ್ಬ್ಯಾಡ, ನನ್ ಮಕ ನೋಡು," ಅನ್ನುತ್ತಿದ್ದಳು. "ಗಾಳಿ ಮುಗಿಯಾಕೆ ಬಿಡಬ್ಯಾಡ, ಮುಗಿಯಾಕೆ ಮುಂಚೆ ಒತ್ತು," ಅನ್ನುತ್ತಿದ್ದಳು. ಬಸ್ಸಿನ ಬ್ರೇಕೂ ಗಾಳಿಯ ಮೇಲೇ ನಿಂತಿರುವುದು; ಇಳಿಜಾರಿಗೆ ಮುಂಚೆ ಗಾಳಿಯ ಮೀಟರಿನ ಮುಳ್ಳು ನೋಡಿಕೊಳ್ಳದ ಡ್ರೈವರು ಡ್ರೈವರೇ ಅಲ್ಲ. ಇದು ನನಗೆ ಗೊತ್ತಿದ್ದ ವಿದ್ಯೆಯೇ ಅಲ್ಲವೇ ಅನ್ನಿಸಿತು. ಮನಸ್ಸು ಹತ್ತಿತು. ತಿದಿಯನ್ನು ಬೆರಳು ಬಿಚ್ಚಿ ಅಂಗೈಯಲ್ಲಿ ಒತ್ತಬೇಕು ಅನ್ನುವುದು ಅವಳ ಹಟ. ಬೆರಳು ಮಡಚಿಕೊಂಡರೆ ತಾನೇ ಒಂದೊಂದಾಗಿ ಬಿಡಿಸಿ ಮರದ ಮೇಲೆ ಚಪ್ಪಟೆ ಇಡುತ್ತಿದ್ದಳು, ರೊಟ್ಟಿಯನ್ನು ಹಂಚಿನ ಮೇಲೆ ಹಾಕುವ ಹಾಗೆ.

ಒಂದು ಬೆಳಿಗ್ಗೆ, ಅವಳು ಏರುತ್ತಾ ಇಳಿಯುತ್ತಾ ಏನೋ ನುಡಿಸುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ಕಣ್ಣು ಮುಚ್ಚಿ, ಹುಬ್ಬು ಸ್ವಲ್ಪ ಎತ್ತಿ, ಯಾರೋ ಬೇಕಾದವರು ದೂರದಿಂದ ಬರುವುದನ್ನು ಕೇಳುತ್ತಿರುವಂತಿತ್ತು ಆ ಮುಖ. ಪೆಟ್ಟಿಗೆಯ ಮರ ಅಂಗೈಯೊಳಗೆ ಗುಂಯ್ ಅನ್ನುತ್ತಿತ್ತು, ಆ ನಡುಕ ಮೊಳಕೈಗೆ ಹತ್ತಿ ಎದೆಗೆ ಬಂತು. ಅವಳು ನಿಲ್ಲಿಸಿದಾಗ ನೋಡುತ್ತೇನೆ, ಶಶಿ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಬಾಗಿಲಿಗೆ ಒರಗಿ ನಿಂತಿದ್ದಾಳೆ, ಒಲೆಯ ಮೇಲೆ ರೊಟ್ಟಿ ಸೀಯುತ್ತಿದೆ. ಆಗ ಹೊಳೆಯಿತು. ಅಷ್ಟು ಹೊತ್ತು ನನಗೆ ಎಡಗೈ ಒಂದಿದೆ ಅನ್ನುವುದೇ ಮರೆತುಹೋಗಿತ್ತು. ಕಾಯಿಲೆ ಬಿದ್ದವನು ಎಚ್ಚರವಿದ್ದಷ್ಟು ಹೊತ್ತೂ ಕಾಯಿಲೆ ಬಿದ್ದ ಜಾಗವನ್ನೇ ಕಾಯುತ್ತಿರುತ್ತಾನೆ. ಆ ಕಾವಲಿನಿಂದ ಬಿಡುಗಡೆ ಸಿಕ್ಕಿದ ಸುಖವನ್ನು ಹೇಗೆ ಹೇಳಲಿ? ಸೀದ ರೊಟ್ಟಿಯನ್ನೇ ಮೂವರೂ ಹಂಚಿಕೊಂಡು ತಿಂದೆವು.

ಆಮೇಲೆ ಯಾರೂ ಏಳಿಸಬೇಕಾಗಿರಲಿಲ್ಲ. ನೀಲಕ್ಕ ಪೆಟ್ಟಿಗೆಯನ್ನು ನಮ್ಮ ಮನೆಯಲ್ಲೇ ಬಿಟ್ಟಳು. ಅವಳಿಲ್ಲದಾಗ ನಾನೇ ಎಡಗೈಯಲ್ಲಿ ತಿದಿ ಒತ್ತಿ, ಬಲಗೈಯಲ್ಲಿ ಮನೆ ಹುಡುಕುತ್ತಾ ಕೂರುತ್ತಿದ್ದೆ. ಸ್ಟೇರಿಂಗು ಹಿಡಿದು ದಪ್ಪಗಾದ ಬೆರಳು, ಒಂದು ಒತ್ತಿದರೆ ಎರಡು ಮನೆ ಕೂಗುತ್ತಿದ್ದವು. "ಕೂಸು ಮಲಗಿಸಾಕೆ ಬೇರೆ ಊರಿಗೆ ಹೋಗ್ಬೇಕೇನ್ರಿ ನಾವು?" ಎಂದು ಎದುರು ಮನೆಯವರು ಕೂಗಿದ್ದೂ ಉಂಟು. ಅವ್ವ ಮಾತ್ರ, "ಒದರಲಿ ಬಿಡ್ರೇ, ಸುಮ್ನೆ ಸೂರು ನೋಡೋದಕ್ಕಿಂತ ಒದರೋದು ಲೇಸು," ಎಂದು ನನ್ನ ಪರ ನಿಂತಳು. ಹೊನ್ನಾಳಿಯ ವ್ಯಾಯಾಮಕ್ಕೂ ಮತ್ತೆ ಹೋಗತೊಡಗಿದೆ. ಮಂಚದ ಕೆಳಗಿನ ಚೆಂಡೂ ಹೊರಗೆ ಬಂತು. ಚೆಂಡಿಗೂ ಈಗ ಒಂದು ಹೋಗುವ ಊರಿತ್ತು.

ಸೋಮವಾರದ ಭಜನೆಗೆ ನೀಲಕ್ಕ ನನ್ನನ್ನು ಕರಕೊಂಡು ಹೋದಾಗ ಎಲ್ಲ ಅಷ್ಟು ಸಲೀಸಾಗಲಿಲ್ಲ. ಭಜನೆ ಮಂಡಳಿಯ ಹಿರಿಯ ಚಂದ್ರಣ್ಣ, ಅಡಿಕೆ ವ್ಯಾಪಾರದವನು, ದೊಡ್ಡ ದನಿ, ದೊಡ್ಡ ಹೊಟ್ಟೆ, ಕೆಟ್ಟವನಲ್ಲ. ನಮ್ಮ ನುಡಿಕೆ ನಡುನಡುವೆ ತೂಗಾಡುವುದನ್ನು ಕೇಳಿ ಕೇಳಿ ಒಂದು ದಿನ ಎಲ್ಲರ ಮುಂದೆ ಅಂದ:

"ನೀಲಕ್ಕ, ಗಟ್ಟಿ ಕೈಯಿನ ಹುಡುಗ್ರು ಇಷ್ಟು ಜನ ಅದಾರೆ. ಇವನ ಕೈಗೆ ಪೆಟ್ಟಿಗೆ ಕೊಟ್ಟು ನಿನ್ನ ಹೆಸರು ಯಾಕೆ ಕೆಡಿಸ್ಕಂತೀಯಾ? ಹಾಡು ಹೊಂಡ ಬಿದ್ದ ರಸ್ತೆ ಆಗೈತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ.

ನೀಲಕ್ಕ ನಗಲಿಲ್ಲ. "ಚಂದ್ರಣ್ಣ, ಈ ಕೈ ನಂದು. ನನ್ ಕೈ ಬಗ್ಗೆ ನಾನು ಕೂಸಿದ್ದಾಗಿಂದ ಮಾತು ಕೇಳ್ಕಂಡು ಬಂದೀನಿ. ನೀನು ಹೊಸದೇನೂ ಹೇಳಲಿಲ್ಲ," ಅಂದು ಶ್ರುತಿ ಹಿಡಿದಳು. ಚಂದ್ರಣ್ಣ ತಾಳ ಎತ್ತಿಕೊಂಡ. ಊರಲ್ಲಿ ಅವಳ ನುಡಿಕೆಗೆ ಒಂದು ಹೆಸರಿತ್ತು; ಆ ಹೆಸರನ್ನು ಅವಳು ತಿಂಗಳುಗಟ್ಟಲೆ ನನ್ನ ನಡುಗುವ ಕೈಯಲ್ಲಿ ಇಟ್ಟಿದ್ದಳು.

ಶ್ರಾವಣ ಬಂತು. ನಮ್ಮಲ್ಲಿ ಶ್ರಾವಣದಲ್ಲಿ ಒಂದು ಅಹೋರಾತ್ರಿ ಭಜನೆ ನಡೆಯುತ್ತದೆ. ಸೂರ್ಯ ಹುಟ್ಟುವಾಗ ಶ್ರುತಿ ಎದ್ದರೆ ಮಾರನೆಯ ದಿನ ಸೂರ್ಯ ಹುಟ್ಟುವವರೆಗೆ ಕಡಿಯಬಾರದು. ಹಾಡುವವರು ಬದಲಾಗುತ್ತಾರೆ, ತಾಳದವರು ಬದಲಾಗುತ್ತಾರೆ, ಹಾರ್ಮೋನಿಯಂ ಉಸಿರು ಮಾತ್ರ ಒಂದೇ. ತಿದಿ ಒತ್ತುವವನು ಏಳುವ ಮುಂಚೆ, ಮುಂದಿನವನು ಬಂದು ಅವನ ಕೈಯ ಮೇಲೆ ತನ್ನ ಕೈ ಇಟ್ಟು, ನಾಲ್ಕಾರು ಸಲ ಕೂಡಿ ಒತ್ತಿ ಲಯ ಹಿಡಿಯಬೇಕು. ಆಮೇಲೆ ಕೆಳಗಿನ ಕೈ ಮೆಲ್ಲಗೆ ಜಾರಿಕೊಳ್ಳಬೇಕು. ಅಕಸ್ಮಾತ್ ಶ್ರುತಿ ಕಡಿಯಿತೋ, ಕಾಯಿ ಒಡೆದು ಮೊದಲಿನಿಂದ ಶುರು. ಎಲ್ಲರೂ ಮತ್ತೊಂದು ಹಗಲು, ಮತ್ತೊಂದು ರಾತ್ರಿ ಕೂರಬೇಕು. ಕರೆಂಟಿನ ಶ್ರುತಿ ಪೆಟ್ಟಿಗೆ ಇಡೋಣ ಅಂತ ಹುಡುಗರು ಹೇಳಿ ನೋಡಿದ್ದಾರೆ. ಕೈಯಿಂದ ಎದ್ದ ಶ್ರುತಿಯೇ ಆಗಬೇಕು ಅನ್ನುವುದು ಹಿರಿಯರ ಕಟ್ಟು.

ಮಧ್ಯಾಹ್ನದ ಸರದಿಗೆ ನೀಲಕ್ಕ ನಮ್ಮಿಬ್ಬರ ಹೆಸರು ಹೇಳಿಬಿಟ್ಟಿದ್ದಳು. ಕೇಳಿದ ಕೂಡಲೇ ನನಗೆ ನಲ್ಲೂರಿನ ತಿರುವು ಕಂಡಿತು. ನನ್ನ ಕೈ ನಿಂತರೆ ಒಂದು ಊರಿನ ಜನದ ವ್ರತ ನಿಲ್ಲುತ್ತದೆ. ಮತ್ತೆ ನನ್ನ ಬೆನ್ನ ಹಿಂದೆ ಜನ. ಅವಳ ಮನೆಗೆ ಹೋಗಿ, ಬಲಗೈಯಲ್ಲಿ ಒತ್ತುತ್ತೇನೆ ಅಕ್ಕ, ಒಪ್ಪಿಕೋ ಅಂದೆ.

ಅವಳು ಹುರುಳಿ ಆರಿಸುತ್ತಿದ್ದಳು. "ಒತ್ತು. ಯಾವ ಕೈ ಅಂತ ದೇವ್ರು ನೋಡಾದಿಲ್ಲ."

"ಸಿಟ್ಟಾದೆಯಾ?"

"ಇಲ್ಲಪ. ಬಲಗೈ ಇಟ್ರೆ ನೀನು ನಂಗೆ ಸಹಾಯ ಮಾಡ್ದಂಗೆ. ಎಡಗೈ ಇಟ್ರೆ ನೀನು ನುಡಿಸ್ದಂಗೆ. ನಿನ್ನಿಷ್ಟ."

ಆ ದಿನ ಮಧ್ಯಾಹ್ನ ದೇವಸ್ಥಾನದ ಹಜಾರದಲ್ಲಿ ಕೂತಾಗ, ಅಲ್ಲಿಯವರೆಗೆ ತಿದಿ ಒತ್ತುತ್ತಿದ್ದವನ ಕೈಯ ಮೇಲೆ ನಾನು ಇಟ್ಟದ್ದು ಎಡಗೈ. ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಕೂತೆ. ಹೊರಗೆ ಎಲೆ ಹಾಕಿ ಪ್ರಸಾದ ಬಡಿಸುತ್ತಿದ್ದರು. ಚಂದ್ರಣ್ಣನೂ, ಗಟ್ಟಿ ಕೈಯಿನ ಹುಡುಗರೂ ಅಲ್ಲಿಗೆ ಹೋಗಿದ್ದರು. ಒಳಗೆ ಹಾಡುವವರು ಕೆಲವೇ ಜನ. ಬಸ್ಸು ನಿಂತ ಬಿಡುವಿನಲ್ಲಿ ಮಲ್ಲೇಶಿ ಟಿಕೆಟ್ಟಿನ ಚೀಲದ ಸಮೇತ ಬಂದು ಕಂಬಕ್ಕೆ ಒರಗಿ ಕೂತಿದ್ದ. ಅವನ ಪಕ್ಕದಲ್ಲಿ ಶಶಿ.

ಚೆನ್ನಾಗಿಯೇ ಹೋಗುತ್ತಿತ್ತು. ಶಿವನಾಮ ಏರುತ್ತಾ ಇಳಿಯುತ್ತಾ ಇತ್ತು. ಇದ್ದಕ್ಕಿದ್ದಂತೆ ಮೊಳಕೈಯಿಂದ ಒಂದು ಸೆಳೆತ ಇಳಿಯಿತು, ಬೆರಳು ಐದೂ ಒಳಕ್ಕೆ ಮಡಚಿಕೊಂಡು ಮುಷ್ಟಿಯಾದವು. ಬಿಡಿಸಲು ಹೋದೆ, ಬಿಡಲಿಲ್ಲ. ಅಂಗೈ ಮರದಿಂದ ಜಾರಿತು. ಸ್ವರ ಬಾಡತೊಡಗಿತು. ನನಗೆ ಗೇರು ಬೀಳದ ಆ ಗಳಿಗೆಯೇ ಮತ್ತೆ ಬಂದಂತಾಯಿತು. ಕೈ ಕಾಣುತ್ತಿದೆ, ಕೇಳುತ್ತಿಲ್ಲ. ನಾನು ನೀಲಕ್ಕನ ಮುಖ ನೋಡಿದೆ.

ಅವಳ ಮುಖ ಬದಲಾಗಲಿಲ್ಲ. ಬೆರಳುಗಳನ್ನು ಮಾತ್ರ ಒಂದೊಂದಾಗಿ ಮನೆಗಳ ಮೇಲಿಂದ ಎತ್ತಿದಳು. ಮೂರು ಸ್ವರ ಎರಡಾಯಿತು, ಎರಡು ಒಂದಾಯಿತು. ಕೊನೆಗೆ ಕೆಳಗಿನ ಒಂದೇ ಒಂದು ಷಡ್ಜವನ್ನು ಹಿಡಿದು ನಿಂತಳು. ಒಂದೇ ಮನೆಗೆ ಎಷ್ಟು ಗಾಳಿ ಬೇಕು? ಪೆಟ್ಟಿಗೆಯ ಹೊಟ್ಟೆಯಲ್ಲಿ ಉಳಿದಿದ್ದಷ್ಟರಲ್ಲೇ ಆ ಸ್ವರ ದೀಪದ ಕುಡಿಯ ಹಾಗೆ ನಿಂತಿತು. ಹಾಡುವವರು ಏನು ತಿಳಿದರೋ, ದನಿ ತಗ್ಗಿಸಿ ಆ ಒಂದು ಸ್ವರದ ಸುತ್ತ ಬಂದು ಕೂತರು. ತಾಳದವರು ಮೆತ್ತಗಾದರು. ನೀಲಕ್ಕ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅವಸರ ಇರಲಿಲ್ಲ.

ಬೆರಳು ಬಿಚ್ಚದಿದ್ದರೆ ಬೇಡ ಅನಿಸಿತು. ಮುಷ್ಟಿಯನ್ನು ಹಾಗೇ ತಿದಿಗೆ ಆನಿಸಿ ಭುಜದಿಂದ ದೂಡಿದೆ. ತಿದಿ ಒಳಗೆ ಹೋಯಿತು. ಮತ್ತೆ ದೂಡಿದೆ. ಷಡ್ಜ ತುಂಬಿಕೊಂಡಿತು. ಅವಳು ಇನ್ನೊಂದು ಬೆರಳು ಇಳಿಸಿದಳು, ಗಾಳಿ ಸಾಕಾಯಿತು. ಮತ್ತೊಂದು ಇಳಿಸಿದಳು. ಹಾಡು ತನ್ನಷ್ಟಕ್ಕೆ ಏರಿತು. ಶ್ರುತಿ ಕಡಿಯಲಿಲ್ಲ. ಹೊರಗೆ ಉಣ್ಣುತ್ತಿದ್ದವರಿಗೆ ಒಳಗೆ ಏನೋ ಆಯಿತು ಅಂತಲೂ ಗೊತ್ತಾಗಲಿಲ್ಲವಂತೆ. ಅಷ್ಟು ಹೊತ್ತು ಹಾಡು ಬಹಳ ಚೆನ್ನಾಗಿ ಮೆದುವಾಗಿತ್ತು ಅಂದರಂತೆ ಯಾರೋ.

ನುಡಿಸುತ್ತಲೇ ನೀಲಕ್ಕ ನನಗಷ್ಟೇ ಕೇಳುವಂತೆ ಅಂದಳು: "ನಮ್ಮವ್ರಿಗೆ ಉಬ್ಬಸ ಇತ್ತು ಕಣಪ. ಹಿಟ್ಟಿನ ಧೂಳು. ಕೆಮ್ಮು ಬಂದ್ರೆ ಕೈ ನಿಲ್ತಿತ್ತು. ಹಿಂಗೇ ಮಾಡ್ತಿದ್ವಿ."

ನಾನು ಬೆರಗಾದೆ. ಆ ಗಂಡ ಹೆಂಡತಿಯ ನುಡಿಕೆಯನ್ನು ಎಷ್ಟು ಸಲ ಕೇಳಿದ್ದೆ. ನಡುವೆ ಹಾಡು ಸಣ್ಣಗಾಗಿ, ಒಂದೇ ಸ್ವರದ ಮೇಲೆ ನಿಂತು, ಮತ್ತೆ ತುಂಬಿಕೊಳ್ಳುತ್ತಿತ್ತಲ್ಲ, ಜನ ಅದಕ್ಕೇ ತಲೆದೂಗುತ್ತಿದ್ದರು, ನಾನೂ ತೂಗಿದ್ದೆ. ಅದು ಸಿದ್ದಪ್ಪಣ್ಣನ ಉಸಿರು ಕಟ್ಟಿದ ಹೊತ್ತು ಅಂತ ಯಾರಿಗೂ ತಿಳಿಯದ ಹಾಗೆ ಈ ಹೆಂಗಸು ಇಡೀ ಬಾಳು ನುಡಿಸಿದ್ದಳು.

ನಾನು ಈಗ ಬಸ್ಸು ಓಡಿಸುವುದಿಲ್ಲ, ಇನ್ನು ಮುಂದೆ ಓಡಿಸುವುದೂ ಇಲ್ಲ. ಅದೇ ಬಸ್ಸಿನ ಆಫೀಸಿನಲ್ಲಿ ಕೂತು ಟೈಮಿಂಗ್ ನೋಡಿಕೊಳ್ಳುತ್ತೇನೆ. ಚಳಿಗೆ ಬೆರಳು ಈಗಲೂ ಮಡಚಿಕೊಳ್ಳುತ್ತವೆ, ಅಂಗಿಯ ಗುಂಡಿ ಶಶಿಯೇ ಹಾಕಬೇಕು. ಪಾರಿವಾಳ ಜೋಡಿ ಕಟ್ಟಿಕೊಂಡು ನಮ್ಮ ತೊಲೆಯ ಮೇಲೇ ಸಂಸಾರ ಹೂಡಿದೆ. ಸಂಜೆ ಪೆಟ್ಟಿಗೆ ಮುಂದೆ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಎದುರು ಮನೆಯ ಕೂಸು ಈಗ ಅದು ಕೇಳದಿದ್ದರೆ ಮಲಗುವುದಿಲ್ಲವಂತೆ.

ಆವತ್ತಿನ ಮಧ್ಯಾಹ್ನಕ್ಕೇ ಮರಳಿ, ಮಾತು ಮುಗಿಸುತ್ತೇನೆ. ಊಟ ಮುಗಿಸಿ, ಬಾಯಿ ಒರೆಸಿಕೊಳ್ಳುತ್ತಾ ಚಂದ್ರಣ್ಣ ಒಳಗೆ ಬಂದ. ಮುಂದಿನ ಸರದಿ ಅವನದು. ನನ್ನ ಪಕ್ಕ ಕೂತು, ತಿದಿ ದೂಡುತ್ತಿದ್ದ ಮುಷ್ಟಿಯನ್ನು ಒಂದು ಗಳಿಗೆ ನೋಡಿದ. ತನ್ನ ದೊಡ್ಡ ಕೈಯನ್ನು ಅದರ ಮೇಲೆ, ಕೂಸಿನ ತಲೆಯ ಮೇಲೆ ಇಡುವ ಹಾಗೆ, ಇಟ್ಟ. ಆ ಬಿಸಿ ನನ್ನ ಎಡಗೈಗೆ ಚೆನ್ನಾಗಿ ಗೊತ್ತಾಯಿತು. ಇಬ್ಬರೂ ಕೂಡಿ ಒತ್ತಿದೆವು. ಲಯ ಸಿಕ್ಕಿತು. ಕೆಳಗಿನ ಕೈ ಇನ್ನು ಜಾರಿಕೊಳ್ಳಬೇಕು. ನಾನು ಒತ್ತುತ್ತಲೇ ಇದ್ದೆ.

ಚಂದ್ರಣ್ಣ ಬಗ್ಗಿ ಕಿವಿಯಲ್ಲಿ ಅಂದ: "ಸ್ಟಾಪ್ ಬಂತು ಡ್ರೈವರಪ್ಪ, ಇಳಿ."

"ಮುಂದಿನ ಸ್ಟಾಪಿಗೆ ಇಳೀತೀನಿ ಕಣಣ್ಣ," ಅಂದೆ.

ನೀಲಕ್ಕ ಕಣ್ಣು ಮುಚ್ಚಿಯೇ ನಕ್ಕಳು, ಮತ್ತೊಂದು ಬೆರಳು ಇಳಿಸಿದಳು.